ಕಂಬದ ಮೇಲಿನ ಹೆಂಗಸು

ಶಿತಾನ್, ಹುನಾನ್
೧೨ ಮಾರ್ಚ್ ೨೦೨೪

ಚಿಕ್ಕ ಕ್ವಾಂಗ್,

ತಲೆ ಬೋಳಾಗಿ, ಚಾಂಗ್‌ಶಾದಲ್ಲಿ ಪುಸ್ತಕದ ಕಂಪನಿ ಕಟ್ಟಿ, ಮೊಮ್ಮಗನನ್ನು ಎತ್ತಿ ಆಡಿಸಿದವನನ್ನು ಹೀಗೆ ಕರೆಯಬಾರದು, ಗೊತ್ತು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತೋಫು ಗಾಡಿಯ ನೆರಳಲ್ಲಿ ಇಂಗ್ಲಿಷ್ ಕ್ಯಾಸೆಟ್ ಹರಡಿಕೊಂಡು ಮಾರಲು ಕೂರುತ್ತಿದ್ದವನು ನೀನು, ಅವನ್ನು ಕೇಳಿ ಕೇಳಿಯೇ ಇಂಗ್ಲಿಷ್ ಕಲಿತವಳು ನಾನು. ನನ್ನ ಬಾಯಲ್ಲಿ ನೀನು ದೊಡ್ಡವನಾಗಲಾರೆ. ಬಾಯಿ ಎಂದೆನಲ್ಲ, ಅದರದೇ ಸುದ್ದಿ ಇದೆ.

ನಿಮ್ಮ ಆಫೀಸಿನ ಹುಡುಗಿ ಫೋನ್ ಮಾಡಿ ಮಾಡಿ ಸೋತಳಂತೆ. ನಾನು ಎತ್ತುತ್ತೇನೆ, ಮಾತಾಡುವುದಿಲ್ಲ, ಬರೀ ಉಸಿರಿನ ಸದ್ದು ಕೇಳಿಸುತ್ತದೆ. ಕೊನೆಗೆ ಅವಳು ಹೆದರಿ ಅತ್ತೇಬಿಟ್ಟಳಂತೆ. ಪಾಪ, ಅವಳಿಗೆ ಸಮಾಧಾನ ಹೇಳು. ಹೋದ ವರ್ಷ ಚಳಿಗಾಲದಲ್ಲಿ ಡಾಕ್ಟರು ನನ್ನ ಧ್ವನಿಪೆಟ್ಟಿಗೆಯನ್ನು ಕೊಯ್ದು ತೆಗೆದರು. ಕ್ಯಾನ್ಸರು. ಈಗ ಕತ್ತಿನ ತೂತಿನಿಂದ ಉಸಿರಾಡುತ್ತೇನೆ. ಶಾವಿಗೆ ಸೇರುತ್ತದೆ, ಖಾರ ಸೇರುತ್ತದೆ, ನಿದ್ದೆ ಬರುತ್ತದೆ. ಮಾತು ಮಾತ್ರ ಇಲ್ಲ. ಕತ್ತಿಗೆ ಒತ್ತಿ ಹಿಡಿದರೆ ಗೊರಗೊರ ಅನ್ನುವ ಒಂದು ಯಂತ್ರ ಕೊಟ್ಟಿದ್ದಾರೆ. ಚರಂಡಿ ಕೊಳವೆಯಲ್ಲಿ ಸಿಕ್ಕಿಕೊಂಡ ಕಪ್ಪೆಯ ಹಾಗೆ ಕೂಗುತ್ತದೆ. ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ಒತ್ತಿದೆ, ಮನೆಗೆ ಬಂದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ. ಮೊಬೈಲಿನಲ್ಲಿ ಒಂದೊಂದೇ ಸಾಲು ಕುಟ್ಟುವುದು ನನಗಾಗದು. ಕೂಗಿ ಮಾರಿ ಬದುಕಿದವಳಿಗೆ ಒಂದು ಸಾಲು ಎಲ್ಲಿ ಸಾಕಾಗುತ್ತದೆ? ಅದಕ್ಕೇ ಕಾಗದ.

ನೀನು ಕಳಿಸಿದ ಒಪ್ಪಿಗೆ ಪತ್ರ ಓದಿದೆ. ನಮ್ಮ ಇಂಗ್ಲಿಷ್ ಪದಕೋಶದ ಹೊಸ ಮುದ್ರಣಕ್ಕೆ, ಅದರ ಕ್ಯಾಸೆಟ್ಟಿನಲ್ಲಿರುವ ನನ್ನ ಹಳೇ ಧ್ವನಿಯನ್ನು ಯಂತ್ರಕ್ಕೆ ಕಲಿಸಿ, ಅದರಿಂದಲೇ ಎಲ್ಲ ಪದ ಓದಿಸಬೇಕು ಅಂತಿದ್ದೀಯ. ಸಹಿಯ ಮಾತು ಆಮೇಲೆ. ಮೊದಲು ನನ್ನದೊಂದು ಕೆಲಸ ಮಾಡಿಕೊಡು.

ನಮ್ಮ ಮನೆ ಎದುರಿಗೆ ಹೈಸ್ಕೂಲಿನ ಕಾಂಪೌಂಡು. ಕಾಂಪೌಂಡಿನ ಮೂಲೆಯಲ್ಲಿ ಕಂಬ, ಕಂಬದ ತುದಿಯಲ್ಲಿ ಲೌಡ್‌ಸ್ಪೀಕರು. ದಿನಾ ಬೆಳಗಾಗುವ ಹೊತ್ತಿಗೆ ನಮ್ಮ ಕ್ಯಾಸೆಟ್ ಹಾಕುತ್ತಾರೆ. ಪದವನ್ನು ಎರಡು ಸಲ ನಾನು ಓದುತ್ತೇನೆ, ಆಮೇಲೆ ಮಕ್ಕಳು ಹೇಳಿಕೊಳ್ಳಲು ಸ್ವಲ್ಪ ಹೊತ್ತು ಖಾಲಿ. ಪ್ರತಿ ತಿಂಗಳ ಪರೀಕ್ಷೆ ಮುಗಿದ ಮೇಲೆ ಯಾರೋ ಮತ್ತೆ ಮೊದಲಿನಿಂದ ಹಾಕುತ್ತಾರೆ. ಅದಕ್ಕೇ ನಮ್ಮ ಬೀದಿಯ ತರಕಾರಿಯವಳಿಗೂ ಮೊದಲ ಪದ ಬಾಯಿಪಾಠ: ಅಬ್ಯಾಂಡನ್. ಕೈಬಿಡು, ಬಿಟ್ಟು ಹೋಗು.

ಆ ಹೊತ್ತಿಗೆ ನನ್ನ ಗಂಡ ಹಾಸಿಗೆಯಲ್ಲಿ ಇರುವುದಿಲ್ಲ. ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ: ಗೆನ್‌ಶೆಂಗ್ ಕಂಬದ ಬುಡದಲ್ಲಿ ನನಗೆ ಬೆನ್ನು ಹಾಕಿ, ತಲೆ ತಗ್ಗಿಸಿ ನಿಂತಿರುತ್ತಾನೆ. ಧ್ವನಿ ನಿಲ್ಲುವ ತನಕ ಅಲ್ಲಾಡುವುದಿಲ್ಲ. ಮನೆಗೆ ಬಂದರೆ ಮುಖ ಎತ್ತಿ ನೋಡುವುದಿಲ್ಲ, ಒಂದು ಮಾತಿಲ್ಲ. ನನ್ನ ಮಾತು ನಿಂತ ದಿನದಿಂದ ಅವನದ್ದೂ ನಿಂತಿದೆ. ಬೆರಳು ಮೂಸಿದರೆ ಹೊಗೆಯ ವಾಸನೆ. ನನ್ನ ಕತ್ತಿನ ಸಲುವಾಗಿ ಬಿಟ್ಟಿದ್ದ ಸಿಗರೇಟನ್ನು ಮತ್ತೆ ಹಿಡಿದಿದ್ದಾನೆ ಅಂತ ಕಾಣುತ್ತದೆ.

ಲೆಕ್ಕ ಹಾಕಿ ನೋಡು ಕ್ವಾಂಗ್. ಮನೆಯಲ್ಲಿ ಧ್ವನಿಯಿಲ್ಲದ ಹೆಂಡತಿ, ಬೀದಿಯಲ್ಲಿ ದೇಹವಿಲ್ಲದ ಹೆಂಡತಿ. ಅವನು ಬೀದಿಯವಳನ್ನು ಆರಿಸಿಕೊಂಡ. ಬೇರೆ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಇವಳು ನಾನೇ, ಅದೂ ಕ್ಯಾಸೆಟ್ಟಿಗೆ ಓದಿದಾಗಿನ, ಮೂವತ್ತೆಂಟನೇ ವಯಸ್ಸಿನ ನಾನು. ಇವಳಿಗೆ ಸಾವಿಲ್ಲ.

ಅವಳನ್ನು ಕಂಬದಿಂದ ಇಳಿಸು. ನನಗೆ ನನ್ನ ಗಂಡ ವಾಪಸ್ ಬೇಕು.

ನಿನ್ನ ಅಕ್ಕ,
ಲಿಯು ಬಾವ್‌ಜೆನ್


ಚಾಂಗ್‌ಶಾ
೨ ಏಪ್ರಿಲ್ ೨೦೨೪

ಬಾವ್‌ಜೆನ್ ಅಕ್ಕನಿಗೆ,

ಕಾಗದ ಓದಿ ಬಾಗಿಲು ಹಾಕಿಕೊಂಡು ಕೂತೆ. ಎಂಟು ವರ್ಷ ಮಾತು ಬಿಟ್ಟಿದ್ದೆವು. ಅದೂ ಯಾವುದಕ್ಕೆ? ಒಂದು ಪದದ ಹುಟ್ಟಿನ ಬಗ್ಗೆ! ಮಕ್ಕಳಿಗೆ ನೆನಪಿರಲಿ ಅಂತ ಅಬ್ಯಾಂಡನ್ ಪಕ್ಕ ನಾನೊಂದು ಕಥೆ ಕಟ್ಟಿ ಹಾಕಿದ್ದೆ. ಹಡಗು ಮುಳುಗುತ್ತಿತ್ತು, ಜನ ಬಿಟ್ಟು ಓಡಿದರು, ಬ್ಯಾಂಡಿನವರು ಮಾತ್ರ ಬಾರಿಸುತ್ತಲೇ ಇದ್ದರು, ‘ಅ ಬ್ಯಾಂಡ್ ಆನ್’, ಅಂತ. ನೀವು, “ಪದಕ್ಕೆ ಅಪ್ಪ ಅಮ್ಮ ಇದ್ದಾರೆ, ನೀನ್ಯಾಕೋ ದತ್ತು ತಗೊಳ್ಳೋಕೆ ಹೋಗ್ತೀಯ?” ಅಂತ ನಮ್ಮ ಪ್ರೆಸ್ಸಿನವರ ಮುಂದೆಯೇ ಬೈದಿರಿ. ಆ ಗಂಟಲು ಈಗಿಲ್ಲ ಅಂದರೆ ನಂಬುವುದು ಹೇಗೆ?

ವ್ಯಾಪಾರದ ಮಾತು ನೇರವಾಗಿ ಹೇಳುತ್ತೇನೆ. ನೀವು ಸಹಿ ಮಾಡಿದರೆ ನಿಮ್ಮ ಧ್ವನಿಯೇ ಮುಂದುವರಿಯುತ್ತದೆ, ಆ ಕಂಬದಲ್ಲೂ. ಮಾಡದಿದ್ದರೆ ಇಲ್ಲಿಯ ಒಬ್ಬ ಹುಡುಗಿಯಿಂದ ಓದಿಸುತ್ತೇನೆ. ಸೆಪ್ಟೆಂಬರಿನಿಂದ ಎಲ್ಲ ಶಾಲೆಗೂ ಹೊಸದೇ ಹೋಗುತ್ತದೆ, ನಿಮ್ಮದು ಇಳಿಯುತ್ತದೆ. ಅವಸರವಿಲ್ಲ, ಯೋಚನೆ ಮಾಡಿ. ಅಳಿಸುವುದು ಸುಲಭ ಅಕ್ಕ. ಅಳಿಸಿದ ಮೇಲೂ ಭಾವ ನಿಮ್ಮ ಕಡೆ ತಿರುಗಿ ನೋಡದಿದ್ದರೆ?

ಕ್ಯಾಸೆಟ್ ರೆಕಾರ್ಡ್ ಮಾಡಿದ ಆ ಚಳಿಗಾಲ ನೆನಪಿದೆಯಾ? ಹೊರಗಿನ ಸದ್ದು ಬಾರದಿರಲೆಂದು ಗೋಡೆಗೆಲ್ಲ ರಜಾಯಿ ಹೊಡೆದ ಕೋಣೆ. ನೀವು ಒಳಗೆ ಓದುತ್ತಿದ್ದಿರಿ. ಭಾವ ಹೊರಗೆ ನಿಂತು ಪಕ್ಕದ ತಗಡಿನವನಿಗೆ ಸಿಗರೇಟು ಕೊಟ್ಟು ಕೊಟ್ಟು ಸುತ್ತಿಗೆ ನಿಲ್ಲಿಸುತ್ತಿದ್ದರು. ಒಂದು ಇಂಗ್ಲಿಷ್ ಪದ ಬಾರದ ಮನುಷ್ಯ ಅಷ್ಟೂ ದಿನ ಬಾಗಿಲು ಕಾದರು. ಅವರು ಧ್ವನಿಯನ್ನು ಪ್ರೀತಿಸಿದರೆ ತಪ್ಪು ಹಿಡಿಯಬೇಡಿ.

ಇನ್ನೊಂದು ಬೇಡಿಕೆ. ಹೊಸ ಮುದ್ರಣಕ್ಕೆ ಅಬ್ಯಾಂಡನ್ ಪುಟವನ್ನು ನೀವೇ ಬರೆದುಕೊಡಿ. ಎಲ್ಲ ಮಕ್ಕಳೂ ಓದುವುದು ಅದೊಂದೇ ಪುಟ, ಆಮೇಲೆ ಪುಸ್ತಕವನ್ನೇ ಕೈಬಿಡುತ್ತಾರೆ. ಬ್ಯಾಂಡಿನವರನ್ನು ಬೇಕಾದರೆ ಮುಳುಗಿಸಿಬಿಡಿ.

ನಿಮ್ಮ
ಕ್ವಾಂಗ್ ಡೆಶುನ್


ಶಿತಾನ್
೧೦ ಜೂನ್ ೨೦೨೪

ಚಿಕ್ಕ ಕ್ವಾಂಗ್,

ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ ನಿನ್ನೆ ಮುಗಿಯಿತು. ಬೀದಿ ತಣ್ಣಗಾಗಿದೆ. ಈಗ ಕೇಳು, ನಾನು ಸತ್ತಿದ್ದೇನೆ. ನಾನು ಹೇಳುತ್ತಿಲ್ಲ, ಶಾಲೆಯ ಮಕ್ಕಳು ಹೇಳುತ್ತಿದ್ದಾರೆ. ಕಂಬದ ಮೇಲೆ ಓದುವುದು ಇದೇ ಶಾಲೆಯ ಹಳೇ ಟೀಚರಂತೆ. ಪಾಠ ಹೇಳುತ್ತಲೇ ಪ್ರಾಣ ಬಿಟ್ಟಳಂತೆ. ಅವಳ ಆತ್ಮ ಸ್ಪೀಕರಿನಲ್ಲೇ ಉಳಿದಿದೆಯಂತೆ. ಅವಳನ್ನು ಒಲಿಸಿಕೊಂಡರೆ ಕೇಳಿಸಿಕೊಂಡು ಉತ್ತರಿಸುವ ಪ್ರಶ್ನೆಗಳಿಗೆ ಅಂಕ ಗ್ಯಾರಂಟಿಯಂತೆ. ಹೆಸರು ‘ಅಬ್ಯಾಂಡನ್ ಅಜ್ಜಿ’.

ಪರೀಕ್ಷೆಯ ವಾರ ಕಂಬದ ಬುಡದಲ್ಲಿ ಹಾಲಿನ ಪ್ಯಾಕೆಟ್ಟು, ಸೇಬು, ಖಾರದ ತಿಂಡಿ, ಒಂದು ಡಬ್ಬ ಗಂಟಲು ಮಾತ್ರೆ. ಆ ಮಾತ್ರೆ ಇಟ್ಟ ಮಗು ಯಾರೋ, ಅದಕ್ಕೆ ಪೂರ್ತಿ ಅಂಕ ಬರಲಿ. ನಾನು ಸಂತೆಗೆ ಹೋಗಿಬರುವಾಗ ತಾರೀಕು ಮೀರದ ಪ್ಯಾಕೆಟ್ಟುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆ. ನನಗೇ ಇಟ್ಟದ್ದಲ್ಲವಾ? ಮನೆಯಲ್ಲಿ ಕೂತು ಒಂದನ್ನು ಹೀರುತ್ತಿದ್ದೆ. ಗೆನ್‌ಶೆಂಗ್ ಒಳಗೆ ಬಂದ, ನೋಡಿದ, ಕೈಯಿಂದ ಕಿತ್ತುಕೊಂಡ. ಉಳಿದದ್ದನ್ನೂ ಬಾಚಿಕೊಂಡು ಹೋಗಿ ನದಿಗೆ ಎಸೆದು ಬಂದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನಾನು ಬರೆಯುವ ಹಲಗೆ ಎತ್ತಿ ‘ಏನಾಗಿದೆ ನಿನಗೆ?’ ಅಂತ ಬರೆದು ತೋರಿಸಿದೆ. ಓದಿದ. ಹಲಗೆಯನ್ನು ಮೆಲ್ಲಗೆ ಬೋರಲು ಹಾಕಿ ಹೊರಗೆ ಹೋದ.

ನನಗೆ ಅರ್ಥವಾಯಿತು. ಅದು ಅವಳ ಪಾಲು. ನಾನು ಮುಟ್ಟಬಾರದು.

ಮೊದಲೆಲ್ಲ ನಾನು ಕೂಗುತ್ತಿದ್ದೆ, ಅವನು ಗೊಣಗುತ್ತಿದ್ದ. “ಏ ಸತ್ತ ದೆವ್ವ, ಉಪ್ಪು ತಾ!” “ನಿನ್ ಬಾಯಲ್ಲೇ ಇದ್ಯಲ್ಲ, ಉಗುಳಿಕೋ!” ಹುನಾನಿನಲ್ಲಿ ಯಾವ ಮನೆಗೆ ಹೋದರೂ ಕೇಳುವ ಸದ್ದು ಅದು. ಈಗ ಮೇಜಿನ ಆಚೆ ಒಬ್ಬ, ಈಚೆ ಒಬ್ಬಳು. ನಡುವೆ ಚಾಪ್‌ಸ್ಟಿಕ್ಕಿನ ಟಿಕ್ ಟಿಕ್. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತದೆ. ಮಕ್ಕಳು ಹೇಳುವುದೇ ನಿಜವಾಗಿದ್ದು, ನನಗೊಬ್ಬಳಿಗೆ ಯಾರೂ ತಿಳಿಸಿಲ್ಲವೇನೋ ಅಂತ. ಕನ್ನಡಿ ಮುಂದೆ ನಿಂತು ಕತ್ತಿನ ತೂತಿಗೆ ಬೆರಳು ಹಿಡಿದು, ಗಾಳಿ ಬರುತ್ತದಾ ಅಂತ ನೋಡಿಕೊಂಡಿದ್ದೇನೆ.

ಇರಲಿ. ನಿನ್ನ ಪುಟ ತಗೋ. ಬರೆದುಕೋ.

ಅಬ್ಯಾಂಡನ್. ಮೊದಲ ಅರ್ಥ, ಇರಬೇಕಾದ ಜಾಗದಿಂದ ಅಥವಾ ನೋಡಿಕೊಳ್ಳಬೇಕಾದವರಿಂದ ಎದ್ದು ಹೋಗುವುದು, ಮರಳುವ ಯೋಚನೆ ಇಲ್ಲದೆ. ನಾವಿಕರು ಹಡಗನ್ನು ಹೀಗೆ ಬಿಡುತ್ತಾರೆ. ಇನ್ನೊಂದು, ಶುರುಮಾಡಿದ್ದನ್ನು ಅರ್ಧಕ್ಕೆ ನಿಲ್ಲಿಸುವುದು: ಹುಡುಕಾಟ, ಯೋಜನೆ, ಆಸೆ. ಮೂರನೆಯದು ನಮ್ಮ ಮಕ್ಕಳ ತಲೆಗೆ ಹತ್ತುವುದಿಲ್ಲ. ತನ್ನನ್ನೇ ತಾನು ಒಂದು ಭಾವಕ್ಕೆ ಒಪ್ಪಿಸಿಬಿಡುವುದು, ದುಃಖಕ್ಕೋ ಕುಣಿತಕ್ಕೋ. ಆಮೇಲೆ ಸಿಗರೇಟಿನ ಚಟ ಬಿಡುವುದಕ್ಕೆಲ್ಲ ನಮ್ಮವರು ಈ ಪದ ಹಾಕುತ್ತಾರಲ್ಲ, ಅದನ್ನು ನಿಲ್ಲಿಸು. ಕೇಳಿದ ಇಂಗ್ಲಿಷಿನವನಿಗೆ, ಸಿಗರೇಟನ್ನು ದಾರಿ ಬದಿ ಅನಾಥ ಮಾಡಿ ಬಂದ ಹಾಗೆ ಕೇಳಿಸುತ್ತದೆ.

ಹುಟ್ಟು ಹಳೆಯ ಫ್ರೆಂಚಿನದು. ಅಲ್ಲಿ ಬಾಂದೊನ್ ಅಂದರೆ ಹಿಡಿತ, ಅಧಿಕಾರ. ಒಂದನ್ನು ಇನ್ನೊಬ್ಬರ ಹಿಡಿತಕ್ಕೆ ಒಪ್ಪಿಸಿ ಬರುವುದರಿಂದ ಈ ಪದ ಹುಟ್ಟಿತು. ಈಗ ನಮಗೆ ಕಾಣುವುದು ಬಿಟ್ಟು ಹೋಗುವವನ ಬೆನ್ನು ಮಾತ್ರ. ಯಾರ ಕೈಗೆ ಬಿಟ್ಟ ಅನ್ನುವ ಭಾಗ ಸವೆದುಹೋಗಿದೆ.

ನಾನು ನನ್ನ ಗಂಡನನ್ನು ಯಾರ ಕೈಗೆ ಬಿಟ್ಟದ್ದು ಅಂತ ಈಗೀಗ ಗೊತ್ತಾಗುತ್ತಿದೆ. ಕಂಬದವಳ ಕೈಗೆ.

ಬಾವ್‌ಜೆನ್


ಚಾಂಗ್‌ಶಾ
೨೫ ಜೂನ್ ೨೦೨೪

ಅಕ್ಕನಿಗೆ,

ಜೊತೆಗೊಂದು ಪುಟ್ಟ ಪೆಟ್ಟಿಗೆ ಕಳಿಸಿದ್ದೇನೆ. ನೀಲಿ ಗುಂಡಿ ಒತ್ತಿ. ಹೇಗೆ ಬರುತ್ತದೆ ನೋಡೋಣವೆಂದು ನಮ್ಮ ಹುಡುಗರು ನಿಮ್ಮ ಕ್ಯಾಸೆಟ್ಟಿನಿಂದ ಧ್ವನಿ ತೆಗೆದು ಹತ್ತಿಪ್ಪತ್ತು ಮಾತು ತುಂಬಿದ್ದಾರೆ. ಊಟಕ್ಕೆ ಬಾ, ಛತ್ರಿ ತಗೊಂಡು ಹೋಗು, ಅಂಥವು. ನೀವು ಬೇಡ ಅಂದರೆ ಎಲ್ಲವನ್ನೂ ಅಳಿಸುತ್ತೇನೆ, ನನ್ನ ಮಾತು.

ಮನೆಯೊಳಗೇ ಆ ಧ್ವನಿ ಸಿಕ್ಕರೆ ಭಾವ ಬೀದಿಗೆ ಯಾಕೆ ಹೋಗುತ್ತಾರೆ? ಬಸ್‌ಸ್ಟ್ಯಾಂಡಿನಲ್ಲಿ ನೀವೇ ಹೇಳಿಕೊಟ್ಟ ವ್ಯಾಪಾರ ಇದು: ಗಿರಾಕಿ ಎದುರು ಅಂಗಡಿಗೆ ಹೋಗುತ್ತಿದ್ದರೆ, ಅದೇ ಮಾಲನ್ನು ನಮ್ಮ ಅಂಗಡಿಯಲ್ಲೂ ಇಡಬೇಕು.

ಪುಟ ಚೆನ್ನಾಗಿದೆ. ಅದರ ಕೆಳಗೆ ನೀವು ಬರೆದ ಕೊನೆಯ ಸಾಲು ಮಾತ್ರ ನನ್ನನ್ನು ಮಲಗಗೊಡಲಿಲ್ಲ.

ಡೆಶುನ್


ಶಿತಾನ್
೨೦ ಆಗಸ್ಟ್ ೨೦೨೪

ಕ್ವಾಂಗ್,

ತಡವಾಯಿತು. ನಿನ್ನ ಪೆಟ್ಟಿಗೆಯನ್ನು ಬಹಳ ದಿನ ಬೀರುವಿನಲ್ಲೇ ಇಟ್ಟಿದ್ದೆ. ಹಳೇ ಪಂಚಾಂಗದಲ್ಲಿ ಪಿತೃಗಳು ಮನೆಗೆ ಬರುವ ಏಳನೇ ತಿಂಗಳು ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ಧೈರ್ಯ ಮಾಡಿದೆ.

ಗೆನ್‌ಶೆಂಗ್ ಹಿತ್ತಲಲ್ಲಿ ಮೆಣಸಿನಕಾಯಿ ಹರಡುತ್ತಿದ್ದ. ನಾನು ಒಳಗಿನಿಂದ ಗುಂಡಿ ಒತ್ತಿದೆ. “ಗೆನ್‌ಶೆಂಗ್, ಊಟ ಆಗಿದೆ, ಬಾ” ಎಂದಿತು. ನನ್ನದೇ ಧ್ವನಿ. ರೇಷ್ಮೆಯ ಹಾಗೆ, ಬೀಜಿಂಗಿನ ರೇಡಿಯೋದವರು ಮಾತಾಡುವ ಶುದ್ಧ ಭಾಷೆಯಲ್ಲಿ. ಮೊರ ಬಿದ್ದ ಸದ್ದು ಕೇಳಿಸಿತು. ಬಾಗಿಲಿಗೆ ಬಂದವನು ಚೌಕಟ್ಟು ಹಿಡಿದು ನಿಂತ. ನನ್ನನ್ನು ನೋಡಲಿಲ್ಲ. ಕೋಣೆಯ ಮೂಲೆ ಮೂಲೆ ನೋಡಿದ.

“ಯಾರು ಬಂದಿರೋದು?” ಅಂದ. ಎಷ್ಟೋ ತಿಂಗಳ ಮೇಲೆ ಅವನಾಡಿದ ಮೊದಲ ಮಾತು.

ಪೆಟ್ಟಿಗೆ ತೋರಿಸಿದೆ. ಗುಂಡಿ ಇನ್ನೊಮ್ಮೆ ಒತ್ತಿದೆ. “ಬೇಡ, ಬೇಡ” ಎನ್ನುತ್ತ ಅದರ ಮೇಲೆ ಟವೆಲ್ಲು ಎಸೆದು, ಎರಡೂ ಕೈಯಿಂದ ಅದುಮಿ ಹಿಡಿದ, ಕೋಳಿಯ ಕತ್ತು ಹಿಡಿದ ಹಾಗೆ. ಟವೆಲ್ಲಿನ ಅಡಿಯಿಂದ ಅದು, ಛತ್ರಿ ತಗೊಂಡು ಹೋಗು ಎನ್ನುತ್ತಲೇ ಇತ್ತು.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವನನ್ನು ಹೆಸರಿಟ್ಟು ಕರೆದದ್ದೇ ಇಲ್ಲ ಎಂದು ಆಗ ನೆನಪಾಯಿತು. ನಮ್ಮೂರ ಮಾತು ಬಿಟ್ಟು ಅವನ ಹತ್ತಿರ ಬೇರೆ ಮಾತು ಆಡಿದ್ದೂ ಇಲ್ಲ. ನೀನು ಕಳಿಸಿದ್ದು ನನ್ನ ಮಾಲಲ್ಲ ಕ್ವಾಂಗ್. ನನ್ನ ಡಬ್ಬದಲ್ಲಿ ತುಂಬಿದ ಬೇರೆಯವರ ಮಾಲು.

ಮರುದಿನದಿಂದ ಅವನು ಇನ್ನೂ ಕತ್ತಲಿರುವಾಗಲೇ ಎದ್ದು ಹೋಗತೊಡಗಿದ. ನಾನು ಸೋತೆ ಅಂದುಕೊಂಡೆ. ಪಿತೃಗಳಿಗೆ ಕಾಗದದ ದುಡ್ಡು ಸುಡುವ ದಿನ ಬಂತು, ಮೊನ್ನೆ ಭಾನುವಾರ. ದೊಡ್ಡ ತರಗತಿಯ ಮಕ್ಕಳಿಗೆ ರಜೆಯಲ್ಲೂ ಕ್ಲಾಸು, ಸ್ಪೀಕರು ನಿಂತಿರಲಿಲ್ಲ. ಅವನು ಹೊರಟ ಮೇಲೆ ನಾನೂ ಹೊರಟೆ. ಇವತ್ತು ಅವಳ ಎದುರಿಗೇ ಅವನನ್ನು ಹಿಡಿಯಬೇಕು, ಏನಾದರಾಗಲಿ ಅಂತ. ವಿನೆಗರ್ ಅಂಗಡಿಯ ಜಾಡಿಗಳ ಹಿಂದೆ ನಿಂತೆ.

ಬೆಳಕು ಆಗತಾನೆ ಹರಿಯುತ್ತಿತ್ತು. ಯೂನಿಫಾರ್ಮಿನ ಇಬ್ಬರು ಹುಡುಗಿಯರು ಕಂಬದ ಬುಡದ ಇಟ್ಟಿಗೆ ಸಂದಿಗೆ ಅಗರಬತ್ತಿ ಸಿಕ್ಕಿಸಿ, ಕಾಗದದ ದುಡ್ಡಿನ ಕಟ್ಟಿಗೆ ಲೈಟರ್ ಹಿಡಿದಿದ್ದರು. ಗೆನ್‌ಶೆಂಗ್ ಓಡಿಬಂದು ಅಗರಬತ್ತಿಯನ್ನು ಬರಿಗೈಯಲ್ಲಿ ಹಿಚುಕಿ ಆರಿಸಿದ. ಕಿತ್ತು ಜೇಬಿಗೆ ತುರುಕಿಕೊಂಡ. ಕಂಬದ ಬದಿಗೆ ಅವನು ಆಗಲೇ ಕಿತ್ತಿಟ್ಟ ಕಡ್ಡಿಗಳ ಒಂದು ಕಂತೆ ಇತ್ತು.

“ಏಯ್! ಮತ್ತೆ ಬಂದ್ರಾ? ಎಷ್ಟು ಸಲ ಹೇಳಲಿ ನಿಮಗೆ!”

“ಬೈಬೇಡಿ ತಾತ. ಇದು ಅಬ್ಯಾಂಡನ್ ಅಜ್ಜಿಗೆ.”

“ಅವಳು ಬದುಕಿದ್ದಾಳೆ ಕಣ್ರೇ!”

“ನಮ್ಮಜ್ಜಿನೂ ತೀರ್ಕೊಂಡಿರೋ ನಮ್ಮ ತಾತನ ಬಗ್ಗೆ ಹಾಗೇ ಹೇಳೋದು” ಎಂದಳು ಚಿಕ್ಕವಳು, ಬಹಳ ಮರುಕದಿಂದ.

“ದಿನಕ್ಕೆರಡು ಬಟ್ಟಲು ಶಾವಿಗೆ ತಿಂತಾಳೆ! ಖಾರ ಕಮ್ಮಿ ಆದ್ರೆ ಬಟ್ಟಲು ಎತ್ತಿ ಕುಕ್ತಾಳೆ! ಬದುಕಿರೋರಿಗೆ ಧೂಪ ಹಾಕಿದ್ರೆ ಆಯಸ್ಸು ಸವೆಯುತ್ತೆ ಅಂತ ನಿಮ್ಮನೇಲಿ ಯಾರೂ ಹೇಳಿಲ್ವಾ? ಆಪರೇಷನ್ ಆದ್ಮೇಲೆ ಅವಳಿಗೆ ಉಳಿದಿರೋದೇ ಅಷ್ಟು. ಅದನ್ನೂ ನೀವು ಸುಟ್ಟು ಹಾಕ್ತೀರಾ?”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡವಳು ಚೀಲದಿಂದ ಒಂದು ಹಾಲಿನ ಪ್ಯಾಕೆಟ್ಟು ತೆಗೆದು ಅವನ ಕೈಗಿಟ್ಟಳು. “ತಗೊಳ್ಳಿ ತಾತ. ಕೂತ್ಕೊಂಡು ಕುಡೀರಿ.”

ಆ ಹೊಗೆ ಸಿಗರೇಟಿನದಲ್ಲ. ಆ ಬಗ್ಗಿದ ತಲೆ ಕೇಳಿಸಿಕೊಳ್ಳುತ್ತಿದ್ದದ್ದಲ್ಲ, ಕಡ್ಡಿ ಹುಡುಕುತ್ತಿದ್ದದ್ದು. ಪರೀಕ್ಷೆ ಬಂದಾಗಲೆಲ್ಲ ಹೊಸಬರು ಬಂದು ಹಚ್ಚುವುದು, ಇವನು ಆರಿಸುವುದು, ಧ್ವನಿ ನಿಂತು ಮಕ್ಕಳು ಕ್ಲಾಸಿಗೆ ಹೋಗುವ ತನಕ ಕಾವಲು. ಹಾಲು ನದಿಗೆ ಎಸೆದದ್ದು, ಸತ್ತವರಿಗೆ ಇಟ್ಟದ್ದನ್ನು ನಾನು ಹೀರುತ್ತಿದ್ದೆ ಎಂದು. ನನಗೆ ಹೇಳದೆ ಇದ್ದದ್ದು, ಇಂಥದ್ದನ್ನು ಮನೆಯಲ್ಲಿ ಬಾಯಿ ಬಿಟ್ಟು ಹೇಳಿದರೆ ಅದೇ ಅಪಶಕುನ ಎಂದು. ಒಂದನ್ನು ಹೇಳಬಾರದು ಎಂದು ಬಾಯಿ ಮುಚ್ಚಿಕೊಂಡವನಿಗೆ ಬೇರೆ ಯಾವುದನ್ನೂ ಹೇಳಲು ಆಗಲಿಲ್ಲ. ಹೆಡ್ಡ. ಹಿಂದೆ ತಗಡಿನವನ ಸುತ್ತಿಗೆ ತಡೆದ ಹಾಗೆಯೇ ಈಗಲೂ ಬಾಗಿಲು ಕಾಯುತ್ತಿದ್ದ.

ನಾನು ಹೊರಗೆ ಬಂದೆ. ಬಿಳಿ ಕೂದಲು, ಕತ್ತಿಗೆ ಬಿಳಿ ಬಟ್ಟೆ, ಸುತ್ತ ಹೊಗೆ. ಹುಡುಗಿಯರು ಕಿರುಚಿದ್ದು ನದಿಯ ಆಚೆಗೂ ಕೇಳಿಸಿರಬೇಕು.

“ನೋಡಿ! ಇವಳೇ!” ಎಂದ ಗೆನ್‌ಶೆಂಗ್. ಇಷ್ಟು ದಿನ ಮುಖ ಎತ್ತದಿದ್ದವನು ಈಗ ನನ್ನ ಕಣ್ಣನ್ನೇ ನೋಡಿದ. “ಹೇಳೇ, ಏನಾದ್ರೂ ಹೇಳು ಇವರಿಗೆ.”

ನಾನು ಕತ್ತು ತೋರಿಸಿದೆ. ಅವನು ಇನ್ನೊಂದು ಜೇಬಿಗೆ ಕೈ ಹಾಕಿ ನನ್ನ ಗೊರಗೊರ ಯಂತ್ರ ತೆಗೆದ. ಅಕ್ಕಿ ಡಬ್ಬದಿಂದ ಯಾವಾಗ ತೆಗೆದಿದ್ದನೋ. ಬ್ಯಾಟರಿ ತುಂಬಿತ್ತು. ದಿನಾ ತುಂಬಿಸುತ್ತಿದ್ದನಂತೆ, ನಾನು ಎಂದಾದರೂ ಕೇಳಿಯೇನು ಅಂತ.

ಕತ್ತಿಗೆ ಒತ್ತಿದೆ. ಏನು ಹೇಳಬೇಕು? ಇಷ್ಟು ತಿಂಗಳು ಒಟ್ಟುಹಾಕಿದ ಮಾತೆಲ್ಲ ಬಾಗಿಲಲ್ಲಿ ಸಿಕ್ಕಿಕೊಂಡವು. ಬಾಯಿಗೆ ಬಂದದ್ದು ಆ ಒಂದೇ ಪದ.

“ಅಬ್ಯಾಂಡನ್” ಎಂದಿತು ಕಪ್ಪೆ. ಎರಡು ಸಲ. ರೂಢಿ ಬಿಡದು. ಆಮೇಲೆ ನಾನು ಸುಮ್ಮನೆ ನಿಂತೆ.

ಆ ಖಾಲಿ ಹೊತ್ತಿನಲ್ಲಿ ಇಬ್ಬರು ಹುಡುಗಿಯರೂ ನಡುಗುತ್ತಲೇ, ದಿನಾ ಬೆಳಿಗ್ಗೆ ಹೇಳುವ ಹಾಗೆ, ಒಟ್ಟಿಗೆ “ಅಬ್ಯಾಂಡನ್” ಎಂದರು. ಅವರ ಹಿಂದೆ ಇನ್ನೊಂದು ಗಂಟಲು, ಒಡಕು, ನಮ್ಮೂರ ಉಚ್ಚಾರಣೆ, ಪೂರ್ತಿ ತಪ್ಪು. ಗೆನ್‌ಶೆಂಗ್‌ನದು.

ಸಹಿ ಮಾಡುವುದಿಲ್ಲ. ನಿನ್ನ ಹುಡುಗಿಯಿಂದಲೇ ಓದಿಸು. ಪೆಟ್ಟಿಗೆ ವಾಪಸ್ ಕಳಿಸಿದ್ದೇನೆ, ಟವೆಲ್ಲಿನ ಸಮೇತ.

ಬಾವ್‌ಜೆನ್


ಚಾಂಗ್‌ಶಾ
೨೭ ಆಗಸ್ಟ್ ೨೦೨೪

ಅಕ್ಕ,

ಎಲ್ಲವನ್ನೂ ಅಳಿಸಿದೆವು. ನಮ್ಮ ಹುಡುಗರ ಬೆನ್ನ ಹಿಂದೆ ನಾನೇ ನಿಂತು ನೋಡಿದೆ. ಅಳಿಸುವ ಮೊದಲು ಒಂದು ಸಲ ಕೇಳಿದೆ. ಕ್ಷಮಿಸಿ, ಕೇಳದೆ ಇರಲಾಗಲಿಲ್ಲ. ಸೋಮವಾರದಿಂದ ಹೊಸ ಹುಡುಗಿ ಓದುತ್ತಾಳೆ.

ಟವೆಲ್ಲು ನನ್ನ ಮೇಜಿನ ಮೇಲಿದೆ. ಮೆಣಸಿನಕಾಯಿ ಘಾಟು. ಆಫೀಸೆಲ್ಲ ಸೀನುತ್ತಿದೆ.

ಡೆಶುನ್


ಶಿತಾನ್
೨ ಸೆಪ್ಟೆಂಬರ್ ೨೦೨೪

ಚಿಕ್ಕ ಕ್ವಾಂಗ್,

ಇವತ್ತು ಬೆಳಿಗ್ಗೆ ಅವಳು ಹೋದಳು. ಕತ್ತಲಿರುವಾಗಲೇ ಎಚ್ಚರವಾಗಿ ಸುಮ್ಮನೆ ಮಲಗಿದ್ದೆ. ಮೂವತ್ತೆಂಟರ ಆ ಹೆಂಗಸನ್ನು ಕೊನೆಗೆ ನಾನೇ ಕಳಿಸಿಕೊಡುತ್ತಿದ್ದೆ. ಅವಳ ಹತ್ತಿರ ಇದ್ದದ್ದು ಒಳ್ಳೆಯ ಮಾಲು, ಅದರಲ್ಲಿ ಸುಳ್ಳಿಲ್ಲ. ಸ್ಪೀಕರು ಕರಕರ ಎಂದಿತು. ನಿನ್ನ ಹುಡುಗಿ ಬಾಯಿ ತೆರೆದಳು. ಚೆನ್ನಾಗಿದೆ ಗಂಟಲು. ಪದದ ಕೊನೆಯನ್ನು ಸ್ವಲ್ಪ ನುಂಗುತ್ತಾಳೆ. ಅವಳಿಗೆ ಹೇಳು, ಬಸ್‌ಸ್ಟ್ಯಾಂಡಿನಲ್ಲಿ ಆರು ತಿಂಗಳು ತೋಫು ಮಾರಿದರೆ ಸರಿಹೋಗುತ್ತದೆ.

ಕಿಟಕಿಗೆ ಹೋಗಿ ನೋಡಿದೆ. ಕಂಬದ ಬುಡ ಖಾಲಿ. ಇಟ್ಟಿಗೆ ಸಂದಿಯಲ್ಲಿ ಒಂದು ಕಡ್ಡಿಯೂ ಇಲ್ಲ. ಆ ಹುಡುಗಿಯರು ಊರೆಲ್ಲ ಸುದ್ದಿ ಹಬ್ಬಿಸಿದ್ದಾರೆ: ಅಜ್ಜಿ ಬದುಕಿದ್ದಾಳೆ, ಎದುರು ಮನೆಯಲ್ಲೇ ಇದ್ದಾಳೆ, ತಪ್ಪು ಉಚ್ಚರಿಸಿದರೆ ಕಪ್ಪೆಯ ಹಾಗೆ ಬೈಯುತ್ತಾಳೆ ಅಂತ.

ಯಂತ್ರ ಹಿಡಿದುಕೊಂಡು ಮಲಗುವ ಕೋಣೆಗೆ ಬಂದೆ. ಏ ಸತ್ತ ದೆವ್ವ, ಏಳು, ಹೊತ್ತಾಯಿತು ಎಂದು ಕೂಗಬೇಕೆಂದಿದ್ದೆ. ಕತ್ತಿಗೆ ಒತ್ತಿಯೂ ಒತ್ತಿದೆ. ಆಮೇಲೆ ಕೈ ಇಳಿಸಿದೆ.

ಬಿಸಿಲು ಅವನ ಕಾಲಿನ ತನಕ ಬಂದಿತ್ತು. ಗೆನ್‌ಶೆಂಗ್ ಬಾಯಿ ತೆರೆದುಕೊಂಡು ಮಲಗಿದ್ದ. ಹೊರಗೆ ಆ ಹುಡುಗಿ ಪದ ಹೇಳಿ ಜಾಗ ಬಿಟ್ಟಾಗಲೆಲ್ಲ, ಆ ಜಾಗದಲ್ಲಿ ಅವನ ಗೊರಕೆ.

ನಿನ್ನ ಅಕ್ಕ,
ಬಾವ್‌ಜೆನ್